ಗ್ಯಾಸ್ ಅಲ್ಲ, ಫ್ಲ್ಯಾಪ್ ನೋಡಿ

ಬೇಸಿಗೆ ಬಂತೆಂದರೆ ಬೆಂಗಳೂರಿನ ಬಿನ್ನಿಪೇಟೆ, ಮಾಗಡಿ ರಸ್ತೆ, ಮೈಸೂರು ರಸ್ತೆಯ ಆಸುಪಾಸಿನ ಗ್ಯಾರೇಜುಗಳಿಗೆ ಬರುವ ದೂರು ಒಂದೇ: ‘ಎ.ಸಿ. ಹಾಕಿದ್ರೂ ತಣ್ಣಗಾಗ್ತಿಲ್ಲ, ಸ್ವಲ್ಪ ನೋಡಿ.’ ಉತ್ತರವೂ ಬಹುಮಟ್ಟಿಗೆ ಒಂದೇ: ‘ಗ್ಯಾಸ್ ಕಮ್ಮಿಯಾಗಿರುತ್ತೆ ಸಾರ್, ತುಂಬಿಸಿಬಿಡೋಣ.’ ಹಲವು ಸಲ ಅದು ಸರಿಯೂ ಹೌದು. ಆದರೆ ಎ.ಸಿ. ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಗಮನಕ್ಕೆ ಬರುವಷ್ಟು ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರಿಕೆ ಹುಡುಕದೆ ವರ್ಷವರ್ಷವೂ ತುಂಬಿಸುವುದು ದುಡ್ಡು ಸುರಿಯುವ ಕೆಲಸ. ಸೋರಿಕೆಯೇ ಇಲ್ಲದಾಗಲೂ ತುಂಬಿಸುವುದು ಅದಕ್ಕಿಂತ ದಂಡ, ಏಕೆಂದರೆ ಹೆಚ್ಚಾದ ಗ್ಯಾಸ್ ತಂಪನ್ನು ಇನ್ನಷ್ಟು ಕೆಡಿಸುತ್ತದೆ.

ಹಾಗಾದರೆ ಗ್ಯಾಸ್ ಸರಿಯಿದ್ದೂ ಬಿಸಿ ಗಾಳಿ ಎಲ್ಲಿಂದ ಬರುತ್ತದೆ? ಡ್ಯಾಶ್‌ಬೋರ್ಡಿನ ಹಿಂದೆ ದೊಡ್ಡದೊಂದು ಪ್ಲಾಸ್ಟಿಕ್ ಪೆಟ್ಟಿಗೆ ಇದೆ. ಬ್ಲೋವರ್ ತಳ್ಳಿದ ಗಾಳಿ ಮೊದಲು ಕೂಲಿಂಗ್ ಕಾಯಿಲ್ ದಾಟುತ್ತದೆ. ಅದು ಸೊನ್ನೆಗಿಂತ ಕೆಲವೇ ಡಿಗ್ರಿ ಮೇಲಿರುತ್ತದೆ. ಅದರಾಚೆ ಹೀಟರ್ ಕಾಯಿಲ್. ಎಂಜಿನ್ನಿನಿಂದ ಬರುವ ಸುಮಾರು 90 ಡಿಗ್ರಿಯ ಕೂಲೆಂಟ್ ಅದರೊಳಗೆ ಹರಿಯುತ್ತದೆ. ಚಳಿಯಿರಲಿ ಸೆಕೆಯಿರಲಿ, ಬಹುತೇಕ ಕಾರುಗಳಲ್ಲಿ ಆ ಬಿಸಿನೀರು ಹರಿಯುವುದನ್ನು ನಿಲ್ಲಿಸುವುದಿಲ್ಲ. ಎರಡರ ನಡುವೆ ನಿಂತಿರುವುದು ಒಂದು ಪ್ಲಾಸ್ಟಿಕ್ ಹಲಗೆ ಮಾತ್ರ, ಕೆರೆಯ ತೂಬಿನ ಹಾಗೆ. ಪೂರ್ತಿ ಮುಚ್ಚಿದರೆ ತಣ್ಣನೆಯ ಗಾಳಿ, ಪೂರ್ತಿ ತೆರೆದರೆ ಬಿಸಿ, ನಡುವೆ ನಿಂತರೆ ಬೆರಕೆ. ಗ್ಯಾರೇಜಿನವರ ಬಾಯಲ್ಲಿ ಇದೇ ಫ್ಲ್ಯಾಪ್. ಇಂಥವು ಇನ್ನೂ ಇವೆ: ಗಾಳಿ ಮುಖಕ್ಕೋ ಕಾಲಿಗೋ ಮುಂದಿನ ಗಾಜಿಗೋ ಎಂದು ತಿರುಗಿಸುವುದು ಒಂದು, ಹೊರಗಿನ ಗಾಳಿಯೋ ಒಳಗಿನ ಗಾಳಿಯೋ ಎಂದು ನಿರ್ಧರಿಸುವುದು ಇನ್ನೊಂದು. ಎಡಕ್ಕೊಂದು ಬಲಕ್ಕೊಂದು ತಾಪಮಾನವಿರುವ ಕಾರಾದರೆ ಮತ್ತೂ ಒಂದು ಹೆಚ್ಚು.

ಮೊದಲು ಇವನ್ನೆಲ್ಲ ನಮ್ಮ ಕೈಯೇ ಎಳೆಯುತ್ತಿತ್ತು. ಮಾರುತಿ 800ರ ಕಾಲದ ಲಿವರ್ ಸರಿಸಿದರೆ ಕೇಬಲ್ ಎಳೆದು ಫ್ಲ್ಯಾಪ್ ತಿರುಗುತ್ತಿತ್ತು. ಅಷ್ಟೂ ಇಲ್ಲದ ಕಾಲವೂ ಇತ್ತು. ಕಾರ್ಖಾನೆಯಿಂದಲೇ ಎ.ಸಿ. ಜೋಡಿಸಿ ಬಂದ ಮೊದಲ ಕಾರು, 1940ರ ಮಾದರಿಯ ಅಮೆರಿಕದ ಪ್ಯಾಕಾರ್ಡ್. ಅದರಲ್ಲಿ ತಂಪು ಸಾಕೆನಿಸಿದರೆ ಗಾಡಿ ನಿಲ್ಲಿಸಿ, ಬಾನೆಟ್ ತೆಗೆದು, ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕಿತ್ತು! 1964ರಲ್ಲಿ ಕ್ಯಾಡಿಲಾಕ್ ತಾಪಮಾನವನ್ನು ತಾನೇ ಹಿಡಿದಿಡುವ ವ್ಯವಸ್ಥೆ ತಂದಿತು. ಈಗ ನಾವು 22 ಎಂದು ಒತ್ತಿ ಮರೆಯುತ್ತೇವೆ. ಉಳಿದದ್ದನ್ನು ನೋಡಿಕೊಳ್ಳುವುದು ಅಂಗೈಯಲ್ಲಿ ಹಿಡಿಸುವ ಕಪ್ಪು ಡಬ್ಬಿ, ಅಂದರೆ ಫ್ಲ್ಯಾಪ್ ಮೋಟರ್.

ಆ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಆಟಿಕೆಗೆ ಹಾಕುವಂಥ ಪುಟ್ಟ ಡಿ.ಸಿ. ಮೋಟರ್, ಅದರ ತುದಿಯಲ್ಲಿ ಸುರುಳಿ ಗಿಯರ್, ಒಂದಕ್ಕೊಂದು ಕಚ್ಚಿಕೊಂಡ ಮೂರ್ನಾಲ್ಕು ಪ್ಲಾಸ್ಟಿಕ್ ಗಿಯರುಗಳು. ಕೊನೆಯ ಗಿಯರಿನ ಅಚ್ಚು ಫ್ಲ್ಯಾಪಿಗೆ ಸೇರುತ್ತದೆ. ಅದರಡಿ ಕಪ್ಪು ಕಾರ್ಬನ್ ಪಟ್ಟಿಯ ಮೇಲೆ ಜಾರುವ ತೆಳು ಲೋಹದ ಬೆರಳೊಂದಿದೆ. ಫ್ಲ್ಯಾಪ್ ಈಗ ಎಲ್ಲಿದೆ ಎಂದು ಮೋಟರನ್ನು ಓಡಿಸುವ ಕಂಟ್ರೋಲರಿಗೆ ತಿಳಿಸುವುದು ಆ ಬೆರಳು. ಈ ಬಗೆಯ ಮೋಟರಿಗೆ ಸಾಮಾನ್ಯವಾಗಿ ಐದು ವೈರು: ಎರಡು ಓಡಿಸಲು, ಮೂರು ಜಾಗ ತಿಳಿಸಲು. ಸ್ಟೆಪ್ಪರ್ ಮೋಟರ್ ಬಳಸುವ ಕಾರುಗಳಲ್ಲಿ ಈ ಪಟ್ಟಿ ಇರುವುದಿಲ್ಲ. ಫ್ಲ್ಯಾಪ್ ಕೊನೆಗೆ ತಗಲುವವರೆಗೆ ಓಡಿಸಿ, ಕಂಟ್ರೋಲರ್ ಅಲ್ಲಿಂದ ಹೆಜ್ಜೆ ಎಣಿಸುತ್ತದೆ.

ಕೆಡುವ ಬಗೆಯೂ ಈ ರಚನೆಯಲ್ಲೇ ಇದೆ. ಗಿಯರಿನ ಒಂದು ಹಲ್ಲು ಮುರಿದರೆ ಮೋಟರ್ ತಿರುಗುತ್ತದೆ, ಫ್ಲ್ಯಾಪ್ ಕದಲುವುದಿಲ್ಲ. ಕೀ ಹಾಕಿದೊಡನೆ ಡ್ಯಾಶ್‌ಬೋರ್ಡಿನೊಳಗಿಂದ ಟಕ್ ಟಕ್ ಟಕ್ ಎಂದು ಕೆಲವು ಸೆಕೆಂಡು ಕೇಳಿ ನಿಂತುಹೋಗುವ ಸದ್ದು ಹೆಚ್ಚಾಗಿ ಇದರದೇ. ಕಾರ್ಬನ್ ಪಟ್ಟಿ ಸವೆದರೆ ಸದ್ದಿಲ್ಲ. ಫ್ಲ್ಯಾಪ್ ಎಲ್ಲಿದೆಯೆಂದು ತಿಳಿಯದ ಕಂಟ್ರೋಲರ್ ಅತ್ತಿತ್ತ ಅಲ್ಲಾಡಿಸುತ್ತದೆ, ಒಮ್ಮೆ ತಂಪು ಒಮ್ಮೆ ಸೆಕೆ. ಮೂರನೆಯದರಲ್ಲಿ ಮೋಟರಿನ ತಪ್ಪೇ ಇಲ್ಲ. ಮುಂಗಾಜಿನ ಬುಡದ ಕಿಂಡಿಯಿಂದ ಬಿದ್ದ ಪೆನ್ನೋ ನಾಣ್ಯವೋ ಫ್ಲ್ಯಾಪಿಗೆ ಅಡ್ಡ ಕೂತಿರುತ್ತದೆ. ಇಲ್ಲವೆ ಮರದಡಿ ನಿಲ್ಲಿಸುವ ಕಾರಿನಲ್ಲಿ ತರಗೆಲೆ ಸೇರಿಕೊಂಡಿರುತ್ತದೆ.

ಗ್ಯಾರೇಜಿಗೆ ಹೋಗುವ ಮೊದಲು ಮನೆಯ ಮುಂದೆಯೇ ಅರ್ಧ ಪರೀಕ್ಷೆ ಮುಗಿಸಬಹುದು. ಎಂಜಿನ್ ಬಿಸಿಯಾದ ಮೇಲೆ ಫ್ಯಾನ್ ನಡುಮಟ್ಟಕ್ಕಿಟ್ಟು ತಾಪಮಾನವನ್ನು ಕನಿಷ್ಠದಿಂದ ಗರಿಷ್ಠಕ್ಕೆ ತಿರುಗಿಸಿ. ಗಾಳಿ ಬದಲಾಗುತ್ತದೆಯೇ, ಎಡಬಲ ಒಂದೇ ಸಮವೇ, ಗಮನಿಸಿ. ಇಲ್ಲೊಂದು ಎಚ್ಚರಿಕೆ. ಒಂದು ಬದಿ ತುಸು ಕಡಿಮೆ ತಂಪಾಗಿದ್ದರೆ ಅದಕ್ಕೆ ಗ್ಯಾಸ್ ಕೊರತೆಯೂ ಕಾರಣವಿರಬಹುದು, ಕಾಯಿಲ್ ಅರ್ಧವಷ್ಟೇ ತಣ್ಣಗಾಗಿರುತ್ತದೆ. ಆದರೆ ಒಂದು ಬದಿಯಿಂದ ಹೊರಗಿನ ಬಿಸಿಲಿಗಿಂತಲೂ ಬಿಸಿಯಾದ ಗಾಳಿ ಬರುತ್ತಿದ್ದರೆ ಅದು ಹೀಟರ್ ಕಾಯಿಲ್ ದಾಟಿಯೇ ಬಂದದ್ದು. ಎಷ್ಟು ಗ್ಯಾಸ್ ತುಂಬಿಸಿದರೂ ಅದು ನಿಲ್ಲದು.

ಒಳಗಾಳಿ ಗುಂಡಿ ಒತ್ತಿದಾಗ ಬ್ಲೋವರಿನ ಸದ್ದು ಸ್ವಲ್ಪ ಜೋರಾಗಬೇಕು. ಆಗದಿದ್ದರೆ ಆ ಫ್ಲ್ಯಾಪ್ ಸಿಕ್ಕಿಕೊಂಡಿದೆ. ನಮ್ಮ ಭಾಗದವರಿಗೆ ಇದಕ್ಕೆ ಬೇರೆ ಪರೀಕ್ಷೆಯೇ ಬೇಡವೆನ್ನಿ: ನಾಯಂಡಹಳ್ಳಿಯ ಹತ್ತಿರ ಕೊಳಚೆ ನಾರುವ ವೃಷಭಾವತಿ ದಾಟುವಾಗ ಮೂಗೇ ಹೇಳಿಬಿಡುತ್ತದೆ. ಅದೇ ಫ್ಲ್ಯಾಪ್ ಒಳಗಾಳಿಯ ಕಡೆಗೇ ಸಿಕ್ಕಿಕೊಂಡರೆ ಮೂಗಿಗೆ ಸುಖ, ಕಣ್ಣಿಗೆ ಅಪಾಯ. ಮಳೆಯಲ್ಲಿ ಮುಂಗಾಜಿಗೆ ಮಂಜು ಕಟ್ಟಿ ದಾರಿ ಕಾಣುವುದಿಲ್ಲ.

ಇನ್ನು ರಿಪೇರಿ. ಮೋಟರ್ ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ಬಲಬದಿ ಸ್ಟಿಯರಿಂಗಿನ ಕಾರುಗಳಲ್ಲಿ ಬ್ಲೋವರ್ ಇರುವುದು ಹೆಚ್ಚಾಗಿ ಗ್ಲೋವ್‌ಬಾಕ್ಸಿನ ಹಿಂದೆ, ಒಳಗಾಳಿ ಮೋಟರ್ ಕೂಡ ಅಲ್ಲೇ. ಗ್ಲೋವ್‌ಬಾಕ್ಸ್ ಇಳಿಸಿದರೆ ಎರಡು ಮೂರು ಸ್ಕ್ರೂ, ಒಂದು ಕನೆಕ್ಟರ್. ಅಂಥದ್ದನ್ನು ಬಿಚ್ಚಿ ಪಟ್ಟಿ ಒರೆಸಿ, ಗ್ರೀಸ್ ಹಚ್ಚಿ, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅದೇ ಅಳತೆಯ ಪುಟ್ಟ ಮೋಟರ್ ಸಿಕ್ಕರೆ ಹಾಕಿ ನೋಡುವುದರಲ್ಲಿ ತಪ್ಪಿಲ್ಲ, ಕೆಟ್ಟರೆ ಮತ್ತೆ ಇಳಿಸಬಹುದು. ಡ್ಯಾಶ್‌ಬೋರ್ಡನ್ನೇ ಕಳಚಬೇಕಾದ ಜಾಗದಲ್ಲಿದ್ದರೆ ಮಾತ್ರ ನಾನು ಹೊಸತನ್ನೇ ಹಾಕಿಸಿ ಎನ್ನುತ್ತೇನೆ. ಅಲ್ಲಿ ಬಿಚ್ಚಿ ಜೋಡಿಸುವ ಕೂಲಿಯೇ ಮೋಟರಿನ ಬೆಲೆಯನ್ನು ಮೀರಬಹುದು. ಅಂಟಿಸಿದ ಹಲ್ಲಿಗಾಗಿ ಎರಡು ಸಲ ಕೂಲಿ ಕೊಡುವುದು ಉಳಿತಾಯವಲ್ಲ. ಏರ್‌ಬ್ಯಾಗ್ ಇರುವ ಕಾರಿನ ಡ್ಯಾಶ್‌ಬೋರ್ಡಿಗೆ ಮನೆಯಲ್ಲಿ ಕೈ ಹಾಕಲೂಬಾರದು.

‘ಮೋಟರ್ ಒಂದೇ ಬರಲ್ಲ, ಪೂರ್ತಿ ಸೆಟ್ ತಗೋಬೇಕು’ ಎಂಬ ಮಾತು ಕೇಳಿಬಂದರೆ ಥಟ್ಟನೆ ತಲೆಯಾಡಿಸಬೇಡಿ. ಕೆಲವು ಮಾದರಿಗಳಲ್ಲಿ ಅದು ನಿಜ. ಉಳಿದವಕ್ಕೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಪಾರ್ಟ್ ನಂಬರ್ ಹಿಡಿದು ವಿಚಾರಿಸುವುದು ಒಳ್ಳೆಯದು. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿ ದಂಡ ವಿಧಿಸಿತ್ತು. ಕಂಪನಿಗಳು ಮೇಲ್ಮನವಿ ಸಲ್ಲಿಸಿದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿ ಹಕ್ಕಿನ ಜಾಲತಾಣ ತೆರೆದಾಗ ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ವಾಹನವೂ ಒಂದು. ಕೌಂಟರಿನಲ್ಲಿ ನಿಂತ ಗಿರಾಕಿಗೆ ಇದರಿಂದ ಸಿಕ್ಕಿದ್ದು ಇನ್ನೂ ಅಲ್ಪವೇ, ಆದರೂ ಕೇಳುವುದಕ್ಕೆ ಆಧಾರವಿದೆ.

ಹೊಸ ಮೋಟರ್ ಕೂರಿಸುವ ಮೊದಲು ಮೆಕ್ಯಾನಿಕ್ ಒಂದು ಕೆಲಸ ಮಾಡಲೇಬೇಕು: ಹಳೆಯದನ್ನು ತೆಗೆದು ಫ್ಲ್ಯಾಪಿನ ಅಚ್ಚನ್ನು ಬೆರಳಿನಿಂದ ತಿರುಗಿಸಿ ನೋಡುವುದು. ಸಲೀಸಾಗಿ ಕೊನೆಯಿಂದ ಕೊನೆಗೆ ಹೋಗಬೇಕು. ಬಿಗಿಯಿದ್ದರೆ ಹೊಸ ಮೋಟರಿನ ಹಲ್ಲೂ ಹೋಗುತ್ತದೆ. ಕೂರಿಸಿದ ಮೇಲೆ ಎರಡೂ ತುದಿಗಳನ್ನು ಕಂಟ್ರೋಲರಿಗೆ ಕಲಿಸಬೇಕು. ಕೆಲವು ಕಾರುಗಳಲ್ಲಿ ಬ್ಯಾಟರಿ ಕೆಲನಿಮಿಷ ಕಳಚಿದರೆ ಸಾಕು, ಕೆಲವಕ್ಕೆ ಸ್ಕ್ಯಾನರ್ ಹಚ್ಚಬೇಕು. ಈ ಹಂತ ಬಿಟ್ಟುಹೋದರೆ ಹೊಸ ಮೋಟರೂ ಹಳೆಯದರಂತೆಯೇ ತಪ್ಪು ಜಾಗದಲ್ಲಿ ನಿಲ್ಲುತ್ತದೆ, ಆಗ ಮತ್ತೆ ಯಾರಾದರೂ ಗ್ಯಾಸ್ ಸಿಲಿಂಡರ್ ಹೊತ್ತು ಬರುತ್ತಾರೆ. ಕಾರು ಬಿಡಿಸಿಕೊಳ್ಳುವಾಗ ಎಂಜಿನ್ ಬಿಸಿಯಿರುವಾಗಲೇ ಕನಿಷ್ಠ, ಗರಿಷ್ಠ, ಮುಖ, ಕಾಲು, ಗಾಜು, ಒಳಗಾಳಿ ಎಲ್ಲವನ್ನೂ ಒತ್ತಿ ನೋಡಿ, ತೆಗೆದ ಹಳೆಯ ಮೋಟರನ್ನು ಕೇಳಿ ತೆಗೆದುಕೊಳ್ಳಿ.