ಮೋಟಾರು ವಿಮೆಯ ಮೂರು ದರಪಟ್ಟಿಗಳು

ನಮ್ಮ ಕಚೇರಿಯಲ್ಲಿ ಆರು ಕುರ್ಚಿ ಕೊಳ್ಳಬೇಕಾದರೂ ಮೂರು ಕಡೆಯಿಂದ ದರಪಟ್ಟಿ ತರಿಸಬೇಕು. ಬಂದ ಲಕೋಟೆಗಳನ್ನು ಒಡೆದು, ಉದ್ದನೆಯ ಹಾಳೆಯ ಮೇಲೆ ಗೆರೆ ಎಳೆದು, ತುಲನಾ ಪಟ್ಟಿ ಬರೆದು ಮೇಲಧಿಕಾರಿಗಳ ಮುಂದಿಡುವ ಕೆಲಸ ಹತ್ತು ವರ್ಷದಿಂದ ನಮ್ಮದೇ. ಒಬ್ಬನು ಸಾಗುವಾನಿಯ ಕುರ್ಚಿಗೆ ದರ ಬರೆದು ಇನ್ನೊಬ್ಬನು ಪ್ಲೈವುಡ್ಡಿನದಕ್ಕೆ ಬರೆದಿದ್ದರೆ ಅವೆರಡನ್ನೂ ಒಂದೇ ಸಾಲಿನಲ್ಲಿ ಕೂರಿಸಬಾರದೆಂಬುದು ನಮಗೆ ಚೆನ್ನಾಗಿ ಗೊತ್ತು. ಇಷ್ಟು ಬಲ್ಲವರು, ಸ್ವಂತ ಮೋಟಾರಿನ ವಿಮೆಯ ಮಾತು ಬಂದಾಗ ಮಾತ್ರ ಆ ವಿದ್ಯೆಯನ್ನು ಕಚೇರಿಯ ಕಪಾಟಿನಲ್ಲಿಯೇ ಬೀಗ ಹಾಕಿಟ್ಟು ಮನೆಗೆ ಬಂದೆವು. ಅದರ ಫಲವನ್ನು ಈ ಸಲ ಓದುಗರ ಮುಂದಿಡುತ್ತೇವೆ.

ನಾವು ಕೊಂಡದ್ದು ನಾಲ್ಕು ವರ್ಷ ಓಡಿದ ಸಣ್ಣ ಕಾರು. ಊರಿನಿಂದ ವರ್ಷಕ್ಕೆರಡು ಸಲ ಬರುವ ತಾಯಿಯವರನ್ನು ಮುಂಬಯಿಯ ಲೋಕಲ್ ರೈಲಿನ ನೂಕುನುಗ್ಗಲಿಗೆ ಒಡ್ಡಬಾರದೆಂಬುದು ನೆಪ. ವಿಮೆಗೆ ಮೂರು ದರ ತರಿಸಿದೆವು: ಒಂದು 6,400 ರೂಪಾಯಿ, ಇನ್ನೊಂದು 7,300, ಮತ್ತೊಂದು 9,400. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. “ಮೂರರಲ್ಲಿಯೂ ಒಂದೇ ಸಾಮಾನು ಇದೆಯೇನು?” ಎಂದು ಮನೆಯಾಕೆ ಕೇಳಿದಳು. “ವಿಮೆ ಎಂದರೆ ವಿಮೆ” ಎಂದು ಹೇಳಿ ನಾವು 6,400 ಕಟ್ಟಿ, ಉಳಿದ ಮೂರು ಸಾವಿರವನ್ನು ನಮ್ಮ ಬುದ್ಧಿವಂತಿಕೆಯ ಖಾತೆಗೆ ಜಮಾ ಮಾಡಿಕೊಂಡೆವು.

ಮಳೆಗಾಲ ಬಂತು. ಒಂದು ರಾತ್ರಿ ಕಟ್ಟಡದ ಅಂಗಳದಲ್ಲಿ ನೀರು ಕಾರಿನ ಬಾಗಿಲ ಮಟ್ಟಕ್ಕೆ ನಿಂತಿತು. ಬೆಳಗ್ಗೆ ನೀರು ಇಳಿದದ್ದೇ ತಡ, ಗಾಡಿ ಬದುಕಿದೆಯೋ ಇಲ್ಲವೋ ನೋಡೋಣವೆಂದು ಕೀಲಿ ತಿರುಗಿಸಿದೆವು. ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪರಿಶೀಲನೆಗೆ ಬಂದ ಸರ್ವೆಯರು ಬಹಳ ಸಭ್ಯರು. ಆಸನ ತೊಳೆಸಿದ್ದಕ್ಕೆ, ತಂತಿ ಬದಲಾಯಿಸಿದ್ದಕ್ಕೆ ಹಣ ಬರುತ್ತದೆ ಎಂದರು. “ನೀರು ನುಗ್ಗಿದ್ದು ಆಪತ್ತು, ಸ್ವಾಮಿ. ನೀರು ಹೊಕ್ಕ ಎಂಜಿನ್ನನ್ನು ತಿರುಗಿಸಿದ್ದು ನಿಮ್ಮ ಕೈಕೆಲಸ. ಅದಕ್ಕೆ ಬೇರೆ ರಕ್ಷಣೆ ಇದೆ, ನೀವು ತೆಗೆದುಕೊಂಡಿಲ್ಲ” ಎಂದರು. ಎಂಜಿನ್ನಿನ ಬಿಲ್ಲು 58,000 ರೂಪಾಯಿ. ತಾಯಿಯವರ ಕಣ್ಣಿನ ಪೊರೆ ತೆಗೆಸಲು ಇಟ್ಟಿದ್ದ ಹಣ ಅದಕ್ಕೆ ಹೋಯಿತು. ದಸರೆಗೆಂದಿದ್ದ ಶಸ್ತ್ರಚಿಕಿತ್ಸೆ ಯುಗಾದಿಗೆ ಸರಿಯಿತು. ಅವರು ಏನೂ ಅನ್ನಲಿಲ್ಲ. ಆ ಆರು ತಿಂಗಳು ಪಂಚಾಂಗವನ್ನು ಮೊಮ್ಮಗಳಿಂದ ಓದಿಸಿಕೊಂಡರು.

ಆಮೇಲೆ ನಾವು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆವು. ಹಾಳೆ ತೆಗೆದು, ಗೆರೆ ಎಳೆದು, ಮೂರು ದರಪಟ್ಟಿಗಳನ್ನೂ ಬಿಡಿಸಿ ಬರೆದೆವು.

ಮೊದಲನೆಯ ಸಾಲು, ಮೂರನೆಯವರ ವಿಮೆ. ಥರ್ಡ್ ಪಾರ್ಟಿ ಎಂದು ಎಲ್ಲರೂ ಕರೆಯುವುದು ಇದನ್ನೇ. 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮಿನ ಪ್ರಕಾರ ಇದಿಲ್ಲದೆ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಸಾವುನೋವಾದರೆ ನ್ಯಾಯಮಂಡಳಿ ಗೊತ್ತುಮಾಡಿದ ಪರಿಹಾರವನ್ನು ಇದು ಕೊಡುತ್ತದೆ. ಇನ್ನೊಬ್ಬರ ಆಸ್ತಿಗೆ ಆದ ಹಾನಿಗೆ ಮಾತ್ರ 7,50,000 ರೂಪಾಯಿಯ ಮಿತಿ ಉಂಟು. ನಮ್ಮ ಸ್ವಂತ ಗಾಡಿಗೆ ಇದರಿಂದ ಕಿಲುಬು ಕಾಸೂ ಸಿಕ್ಕದು. ಇದರ ದರ ಸರಕಾರ ಗೊತ್ತುಮಾಡಿದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ 2,094, 1,500 ಸಿ.ಸಿ.ವರೆಗೆ 3,416, ಅದಕ್ಕೂ ದೊಡ್ಡದಕ್ಕೆ 7,897 ರೂಪಾಯಿ. ನಮ್ಮ ಮೂರು ಪಟ್ಟಿಗಳಲ್ಲಿಯೂ ಈ ಸಾಲು ಒಂದೇ ಆಗಿತ್ತು. ಆದುದರಿಂದ ಇಲ್ಲಿ ಚೌಕಾಸಿಗೆ ಎಡೆಯಿಲ್ಲ.

ಎರಡನೆಯದು ಸ್ವಂತ ಹಾನಿಯ ವಿಮೆ: ಅಪಘಾತ, ಬೆಂಕಿ, ಕಳವು, ನೆರೆ ಇವಕ್ಕೆ. ಮೊದಲನೆಯದೂ ಇದೂ ಕೂಡಿದರೆ ಸಮಗ್ರ ವಿಮೆ ಎನ್ನುತ್ತಾರೆ. ವ್ಯತ್ಯಾಸವೆಲ್ಲ ಇಲ್ಲಿಯದೇ. ಹಿಂದೆ ಇದಕ್ಕೂ ಕಟ್ಟಿಟ್ಟ ದರವಿತ್ತು. 2007ರ ಜನವರಿ 1ರಿಂದ ಆ ಕಟ್ಟನ್ನು ಸಡಿಲಿಸಿದರು. ಅಂದಿನಿಂದ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ.

ಈ ಲೆಕ್ಕದ ಬೇರು ಗಾಡಿಗೆ ಕಟ್ಟುವ ಬೆಲೆ. ಐ.ಡಿ.ವಿ. ಎಂದು ಬರೆದಿರುತ್ತದೆ. ಗಾಡಿ ಕಳವಾದರೆ ಕೈಗೆ ಬರುವುದು ಈ ಮೊತ್ತ. ತಯಾರಕರ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ: ಒಂದು ವರ್ಷ ದಾಟಿದ್ದಕ್ಕೆ ನೂರಕ್ಕೆ 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50. ನಾವು ಮೆಚ್ಚಿದ ಅಗ್ಗದ ಪಟ್ಟಿಯಲ್ಲಿ ಗಾಡಿಯ ಬೆಲೆ 2,80,000. ದುಬಾರಿಯದರಲ್ಲಿ 3,60,000. ಕಂತಿನಲ್ಲಿ ಕೆಲವು ನೂರು ಉಳಿಸಲು 80,000 ರೂಪಾಯಿಯನ್ನು ನಾವೇ ಕೈಬಿಟ್ಟಿದ್ದೆವು.

ಇನ್ನೊಂದು ಸಾಲು, ನಾವೇ ಹೊರಬೇಕಾದ ಪಾಲು. 1,500 ಸಿ.ಸಿ.ವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿಯೂ 1,000 ರೂಪಾಯಿ, ದೊಡ್ಡದಕ್ಕೆ 2,000 ಕಡ್ಡಾಯ. ಇದರ ಮೇಲೆ ಇಷ್ಟಪಟ್ಟು ಹೆಚ್ಚು ಹೊರುತ್ತೇವೆಂದು ಒಪ್ಪಿದರೆ ಕಂತು ಇಳಿಯುತ್ತದೆ. ನಮ್ಮ ಅಗ್ಗದ ಪಟ್ಟಿಯಲ್ಲಿ ಹಾಗೆ 5,000 ಒಪ್ಪಿದ್ದೇವೆಂದು ಸಣ್ಣಕ್ಷರದಲ್ಲಿ ಬರೆದಿತ್ತು. ಒಪ್ಪಿದವರು ನಾವೇ, ಓದಿರಲಿಲ್ಲ ಅಷ್ಟೆ.

ಕೊನೆಗೆ ಹೆಚ್ಚುವರಿ ರಕ್ಷಣೆಗಳು. ಸಾಮಾನ್ಯ ಸಮಗ್ರ ವಿಮೆಯಲ್ಲಿ ಬಿಡಿಭಾಗ ಬದಲಾಯಿಸಿದಾಗ ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ. ಗಾಜಿಗೆ ಕಳೆಯುವುದಿಲ್ಲ. ಇಂದಿನ ಕಾರಿನ ಬಂಪರು ಪ್ಲಾಸ್ಟಿಕ್ಕಿನದು ಎಂಬುದನ್ನು ನೆನಪಿಡಿ. ಜೀರೊ ಡಿಪ್ರಿಸಿಯೇಶನ್ ಎಂಬುದು ಈ ಕಡಿತವನ್ನು ತಪ್ಪಿಸುತ್ತದೆ. ಎಂಜಿನ್ ರಕ್ಷಣೆ ಎಂಬುದು ನಾವು ಕಳೆದುಕೊಂಡ ವಸ್ತು. ದುಬಾರಿಯೆಂದು ಬದಿಗಿಟ್ಟ 9,400ರ ಪಟ್ಟಿಯಲ್ಲಿ ಇವೆರಡೂ ಇದ್ದವು!

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದ ಊರಿನಲ್ಲಿ ಇದ್ದುಕೊಂಡು ನಾವು ಹೀಗೆ ಮಾಡಿದೆವು. ಚೆನ್ನೈಯವರು 2015ರ ಡಿಸೆಂಬರನ್ನೂ, ಹೈದರಾಬಾದಿನವರು 2020ರ ಅಕ್ಟೋಬರನ್ನೂ, ದಿಲ್ಲಿಯವರು ಯಮುನೆ ರಸ್ತೆಗೆ ಬಂದ 2023ರ ಜುಲೈಯನ್ನೂ ಮರೆತಿರಲಾರರು. ಈ ಊರುಗಳಲ್ಲಿ ಎಂಜಿನ್ ರಕ್ಷಣೆ ಶೋಕಿಯ ಮಾತಲ್ಲ. ಅದು ಇರಲಿ ಇಲ್ಲದಿರಲಿ, ನೀರಿನಲ್ಲಿ ನಿಂತ ಗಾಡಿಯ ಕೀಲಿಯನ್ನು ಮುಟ್ಟಬೇಡಿ. ಚಿತ್ರ ತೆಗೆದು, ಕಂಪನಿಗೆ ತಿಳಿಸಿ, ಎಳೆದುಕೊಂಡು ಹೋಗುವ ಗಾಡಿಯನ್ನು ಕರೆಸಿ.

ಪರಊರಿನಲ್ಲಿರುವ ನಮ್ಮಂಥವರಿಗೆ ಇನ್ನೆರಡು ಮಾತು. ನಮ್ಮಲ್ಲಿ ಅನೇಕರು ಊರಿನ ಭಾವನದೋ ದೊಡ್ಡಪ್ಪನದೋ ಹಳೆಯ ಕಾರನ್ನು ಕೊಂಡು ಇಲ್ಲಿಗೆ ತರುತ್ತಾರೆ. ವಿಮೆ ದೇಶಕ್ಕೆಲ್ಲ ನಡೆಯುತ್ತದೆ, ನಿಜ. ಆದರೆ ಹೆಸರು ಬದಲಾದ ಹದಿನಾಲ್ಕು ದಿನಗಳೊಳಗೆ ವಿಮಾಪತ್ರವನ್ನೂ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ಮೂರನೆಯವರ ರಕ್ಷಣೆ ಕಾಯಿದೆಯ ಬಲದಿಂದ ತಾನಾಗಿಯೇ ನಮಗೆ ಬರುತ್ತದೆ. ಸ್ವಂತ ಹಾನಿಯದು ಹಾಗೆ ಬರುವುದಿಲ್ಲ. ಭಾವನ ಹೆಸರಿನ ಕಾಗದ ಹಿಡಿದು ನಮ್ಮ ಗಾಡಿಯ ಹಣ ಕೇಳುವಂತಿಲ್ಲ. ಮತ್ತು ಹೊರರಾಜ್ಯದ ನಂಬರಿನ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರುವುದಾದರೆ ಇಲ್ಲಿಯ ನಂಬರು ಮಾಡಿಸಬೇಕು. ಆಗ ವಿಮಾಪತ್ರದಲ್ಲಿಯೂ ನಂಬರು, ವಿಳಾಸಗಳನ್ನು ತಿದ್ದಿಸಬೇಕು.

ಎರಡನೆಯದು, ಕ್ಲೇಮಿಲ್ಲದ ವರ್ಷಗಳ ಬೋನಸ್ಸು. ಮೊದಲ ವರ್ಷಕ್ಕೆ ನೂರಕ್ಕೆ 20, ಆಮೇಲೆ 25, 35, 45, ಐದನೆಯ ವರ್ಷಕ್ಕೆ 50. ಸ್ವಂತ ಹಾನಿಯ ಕಂತಿನಲ್ಲಿ ಕಡಿತ. ಇದು ಮನುಷ್ಯನದು, ಗಾಡಿಯದಲ್ಲ. ಭಾವನ ಬೋನಸ್ಸು ಕಾರಿನ ಜೊತೆಗೆ ನಮಗೆ ಬರುವುದಿಲ್ಲ. ನಮ್ಮ ಹಳೆಯ ಕಾರಿನ ಬೋನಸ್ಸು ನಮ್ಮ ಹೊಸ ಕಾರಿಗೆ ಬರುತ್ತದೆ. ದರ ಕೇಳುವಾಗ ಇಲ್ಲದ ಬೋನಸ್ಸನ್ನು ಇದೆಯೆಂದರೆ ಪಟ್ಟಿ ಅಗ್ಗವಾಗುತ್ತದೆ, ಕ್ಲೇಮಿನ ದಿನ ಬಣ್ಣ ಬಯಲಾಗುತ್ತದೆ. ಅವಧಿ ಮುಗಿದು 90 ದಿನ ಕಳೆದರೆ ಬೋನಸ್ಸು ಹೋಯಿತು. ಸಣ್ಣ ಗೀರಿಗೆ ಹಣ ಕೇಳುವ ಮೊದಲು, ಬರುವ ಹಣ ಹೆಚ್ಚೋ ಹೋಗುವ ಬೋನಸ್ಸು ಹೆಚ್ಚೋ ಎಂದು ಕೂಡಿ ಕಳೆದು ನೋಡುವುದು ಒಳ್ಳೆಯದು.

ಅಗ್ಗದ ವಿಮೆ ಕೆಟ್ಟದೆಂದು ನಾವು ಹೇಳುತ್ತಿಲ್ಲ. ಹತ್ತು ವರ್ಷ ದಾಟಿದ ಗಾಡಿಯವರಿಗೆ ಜೀರೊ ಡಿಪ್ರಿಸಿಯೇಶನ್ ಸಿಗುವುದೇ ಕಷ್ಟ. ಮೂರನೆಯ ಮಹಡಿಯಲ್ಲಿ ಗಾಡಿ ನಿಲ್ಲಿಸುವವರಿಗೆ ನೀರಿನ ಭಯ ಅಷ್ಟಿಲ್ಲ. ಬೆಲೆ, ನಮ್ಮ ಪಾಲು, ಹೆಚ್ಚುವರಿ ರಕ್ಷಣೆ, ಬೋನಸ್ಸು ಈ ನಾಲ್ಕನ್ನೂ ಮೂರು ಕಂಪನಿಗಳಿಗೂ ಒಂದೇ ತೆರನಾಗಿ ಹೇಳಿ, ಆಮೇಲೆ ದರ ಕೇಳಬೇಕು. ಆಗ ಬಂದ ಕಡಿಮೆ ದರ ನಿಜವಾಗಿಯೂ ಕಡಿಮೆ ದರ.

ಈ ವರ್ಷ ಹಾಗೆ ತರಿಸಿದಾಗ ಮೂರು ಪಟ್ಟಿಗಳ ನಡುವಿನ ವ್ಯತ್ಯಾಸ 700 ರೂಪಾಯಿ ಮಾತ್ರ. ತುಲನಾ ಪಟ್ಟಿಯನ್ನು ಕ್ರಮವಾಗಿ ಬರೆದು ಮನೆಯಾಕೆಯ ಮುಂದೆ ಇಟ್ಟೆವು. ಅವಳು ಒಂದೊಂದು ಸಾಲಿಗೂ ಬೆರಳಿಟ್ಟು ಓದಿ, ಎರಡು ಪ್ರಶ್ನೆ ಕೇಳಿ, ಆಮೇಲೆಯೇ ಹಣ ಕೊಟ್ಟಳು. ಯುಗಾದಿಗೆ ಪೊರೆ ತೆಗೆಸಿಕೊಂಡ ತಾಯಿಯವರು ಪಕ್ಕದಲ್ಲಿ ಕುಳಿತು ತಾವೇ ಪಂಚಾಂಗ ನೋಡುತ್ತಿದ್ದರು.