ಸೊನ್ನೆ ಅಂತ ಬಂದರೆ ಬೇಡ ಅಂತಲ್ಲ

ಐವತ್ತು ಜನ ಬಳಸುವ ಸರ್ವರ್‌ನಲ್ಲಿ ಪೈಥಾನ್ ಅನ್ನು ಎಲ್ಲರಿಗೂ ಸೇರಿ ಒಂದೇ ಕಡೆ ಇನ್‌ಸ್ಟಾಲ್ ಮಾಡಿರ್ತಾರೆ. ಯಾರೋ ಒಂದು ಪ್ಯಾಕೇಜ್ ಕೇಳ್ತಾರೆ, ಅಡ್ಮಿನ್ ಹಾಕ್ತಾರೆ. ಕೇಳಿದವರು ಕಂಪನಿ ಬಿಟ್ಟು ಹೋಗ್ತಾರೆ, ಪ್ಯಾಕೇಜ್ ಮಾತ್ರ ಅಲ್ಲೇ ಇರುತ್ತೆ. ಮುಂದೆ ಅಪ್‌ಗ್ರೇಡ್ ಮಾಡೋ ದಿನ ಬಂದಾಗ ಯಾವುದು ಇಟ್ಟುಕೊಳ್ಳಬೇಕು, ಯಾವುದು ತೆಗೀಬೇಕು ಅನ್ನೋದೇ ತಲೆನೋವು. ಮೇಲ್ ಹಾಕಿ ಕೇಳಿದರೆ ಇಬ್ಬರು ಉತ್ತರ ಕೊಡ್ತಾರೆ. ಅದರಲ್ಲೊಬ್ಬರು ‘ಎಲ್ಲಾ ಇರಲಿ’ ಅಂತಾರೆ.

ಹಾಗಾಗಿ ಕೇಳೋದಕ್ಕಿಂತ ಎಣಿಸೋದು ವಾಸಿ. ದಾರಿ ಕಷ್ಟದ್ದಲ್ಲ. ಪೈಥಾನ್ ಶುರುವಾಗುವಾಗ ‘ಸೈಟ್‌ಕಸ್ಟಮೈಸ್’ ಅನ್ನೋ ಫೈಲ್ ಇದ್ದರೆ ತಾನಾಗಿಯೇ ಓದುತ್ತೆ. ಪ್ರೋಗ್ರಾಂ ಮುಗಿಯುವಾಗ ಯಾವ ಯಾವ ಮಾಡ್ಯೂಲ್ ಲೋಡ್ ಆಗಿತ್ತೋ ಅದನ್ನು ಲಾಗ್‌ಗೆ ಬರೆಯಿರಿ ಅಂತ ಅದರಲ್ಲಿ ನಾಲ್ಕು ಸಾಲು ಸೇರಿಸಿದರೆ ಆಯ್ತು. ಅಮೆರಿಕದ ಬರ್ಕ್‌ಲಿಯಲ್ಲಿರುವ ಎನ್‌ಇಆರ್‌ಎಸ್‌ಸಿ ಸೂಪರ್‌ಕಂಪ್ಯೂಟರ್ ಕೇಂದ್ರದವರು ಮಾಡಿರೋದೂ ಹೆಚ್ಚುಕಮ್ಮಿ ಇದನ್ನೇ.

ಆದರೆ ಈ ಲೆಕ್ಕವನ್ನು ಕಣ್ಮುಚ್ಚಿ ನಂಬೋ ಹಾಗಿಲ್ಲ. ಪಾಂಡಾಸ್ ಕರೆದರೆ ಜೊತೆಗೆ ನಂಪೈ ಕೂಡ ಬರುತ್ತೆ, ಯಾರೂ ನೇರವಾಗಿ ಕೇಳದಿದ್ದರೂ ಲೆಕ್ಕಕ್ಕೆ ಸೇರುತ್ತೆ. ಮಧ್ಯದಲ್ಲೇ ಕಿಲ್ ಆದ ಪ್ರೋಗ್ರಾಂ ಏನನ್ನೂ ಬರೆಯೋದಿಲ್ಲ. ಮಾರ್ಚ್ ಕೊನೆಯಲ್ಲಿ ಮಾತ್ರ ಓಡುವ ಅಕೌಂಟ್ಸ್ ಸ್ಕ್ರಿಪ್ಟ್ ಜೂನ್‌ನಿಂದ ಆಗಸ್ಟ್‌ವರೆಗಿನ ಲೆಕ್ಕದಲ್ಲಿ ಸೊನ್ನೆ. ಅಟ್ಟದ ಮೇಲಿನ ಕೊಪ್ಪರಿಗೆಯನ್ನು ದಿನಾ ಇಳಿಸಲ್ಲ ಅಂತ ಗುಜರಿಗೆ ಹಾಕ್ತೀವಾ? ಕನಿಷ್ಠ ಒಂದು ವರ್ಷ ಎಣಿಸಬೇಕು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅದೇ ಲಾಗ್‌ನಲ್ಲಿ ಹೆಸರು, ಸಮಯ ಎರಡೂ ಇದ್ದರೆ ಅದು ಹಾಜರಿ ಪುಸ್ತಕವೂ ಆಗುತ್ತೆ. ಯಾರು ಎಷ್ಟು ಗಂಟೆಗೆ ಕೆಲಸ ಶುರು ಮಾಡಿದರು ಅಂತ ಮ್ಯಾನೇಜರ್ ಒಬ್ಬರು ಒಮ್ಮೆ ಇಣುಕಿ ನೋಡಿದರೆ ಸಾಕು, ಮರುದಿನದಿಂದ ಎಲ್ಲರೂ ತಮ್ಮ ತಮ್ಮ ಹೋಂ ಫೋಲ್ಡರ್‌ನಲ್ಲಿ ಬೇರೆ ಪೈಥಾನ್ ಹಾಕಿಕೊಳ್ತಾರೆ. ಆಮೇಲೆ ಲೆಕ್ಕವೂ ಇಲ್ಲ, ನಂಬಿಕೆಯೂ ಇಲ್ಲ. ಡಿಬಿಯನ್‌ನವರು ಈ ವಿಚಾರದಲ್ಲಿ ಜಾಣರು. ಅವರ ‘ಪಾಪ್‌ಕಾನ್’ ಬಳಕೆಯ ಲೆಕ್ಕ ಕಳಿಸೋದು ನಾವು ಒಪ್ಪಿದರೆ ಮಾತ್ರ.

ಹಾಗಂತ ಹೆಸರೇ ಬೇಡ ಅನ್ನೋಕೂ ಆಗಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ತೂತು ಹೊರಬಿದ್ದಾಗ ಅದು ತಮ್ಮಲ್ಲಿ ಎಲ್ಲೆಲ್ಲಿದೆ ಅಂತ ಹುಡುಕೋದೇ ಎಷ್ಟೋ ತಂಡಗಳಿಗೆ ದೊಡ್ಡ ಕೆಲಸವಾಗಿತ್ತು. ಪ್ಯಾಕೇಜ್‌ನಲ್ಲಿ ಅಪಾಯ ಕಂಡ ದಿನ ಯಾರಿಗೆ ಫೋನ್ ಮಾಡಬೇಕು ಅನ್ನೋದು ಗೊತ್ತಿರಬೇಕಲ್ವಾ?

ಪ್ಯಾಕೇಜ್ ಹೆಸರು, ತಂಡದ ಹೆಸರು, ತಿಂಗಳು, ಇಷ್ಟು ಬರೆದಿಟ್ಟರೆ ಎರಡೂ ಕೆಲಸ ಆಗುತ್ತೆ. ಗಂಟೆ, ನಿಮಿಷ, ಫೈಲ್ ಹೆಸರು ಬೇಡ. ಎಣಿಸ್ತಿದ್ದೀವಿ ಅಂತ ಮೊದಲೇ ಎಲ್ಲರಿಗೂ ಹೇಳಿ, ಬರೆದದ್ದನ್ನು ಎಲ್ಲರೂ ನೋಡೋ ಹಾಗೆ ಇಡಿ. ಸೊನ್ನೆ ಬಂದ ಪ್ಯಾಕೇಜನ್ನು ಡಿಲೀಟ್ ಮಾಡೋ ಮೊದಲು ಒಂದು ತಿಂಗಳು ಪಕ್ಕಕ್ಕೆ ಸರಿಸಿಡಿ. ಬೇಕಾದವರು ಕೂಗ್ತಾರೆ, ಆಗ ವಾಪಸ್ ಇಟ್ಟರಾಯ್ತು.