130 ಡಾಲರ್ ಗಿಟಾರಿನ ದುಬಾರಿ ನಕಲು

ಅಮೆರಿಕದ ಫೆಂಡರ್ ಕಂಪನಿ 2007ರಲ್ಲಿ 300 ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಮಾರಾಟಕ್ಕಿಟ್ಟಿತು. ಒಂದೊಂದರ ಬೆಲೆ 25,000 ಡಾಲರ್. ಕೆಂಪು ಮೈಮೇಲೆ ಅಡ್ಡಾದಿಡ್ಡಿ ಕಪ್ಪು-ಬಿಳಿ ಪಟ್ಟೆ, ಕಿತ್ತುಬಂದ ಬಣ್ಣ, ಸಿಗರೇಟು ತಾಗಿ ಸುಟ್ಟ ಕಲೆ, ಸಾಲದ್ದಕ್ಕೆ 1971ರ ಕಾಲು ಡಾಲರ್ ನಾಣ್ಯ. ರಾಕ್ ವಾದಕ ಎಡ್ಡಿ ವ್ಯಾನ್ ಹೇಲನ್ ಅವರ ‘ಫ್ರಾಂಕೆನ್‌ಸ್ಟ್ರಾಟ್’ ಗಿಟಾರಿನಲ್ಲಿ ಏನೇನಿತ್ತೋ ಎಲ್ಲವನ್ನೂ ಗೀರುಗೀರಾಗಿ ಇಳಿಸಲಾಗಿತ್ತು. ಅಸಲಿ ಗಿಟಾರಿನ ಮರದ ಭಾಗಗಳಿಗೆ ಎಡ್ಡಿ ಕೊಟ್ಟದ್ದು 130 ಡಾಲರ್: ಒಡಲಿಗೆ 50, ನೆಕ್‌ಗೆ 80.

ಆ 130 ಡಾಲರಿನ ಕಥೆ ನಕಲಿಗಿಂತ ಬಹಳ ದೊಡ್ಡದು. ಎಪ್ಪತ್ತರ ದಶಕದಲ್ಲಿ ಫೆಂಡರ್ ಸ್ಟ್ರಾಟೊಕಾಸ್ಟರ್ ಕೊಂಡರೆ ಸ್ವರವನ್ನು ಬಗ್ಗಿಸುವ ಟ್ರೆಮೊಲೊ ಹಿಡಿ ಸಿಗುತ್ತಿತ್ತು. ಆದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅದರ ಪಿಕಪ್‌ಗಳ ದನಿ ತೆಳು, ಜೊತೆಗೆ ಗುಂಯ್‌ಗುಡುವ ಸದ್ದು. ಗಿಬ್ಸನ್ ಕಂಪನಿಯ ಗಿಟಾರುಗಳ ಹಂಬಕರ್ ಪಿಕಪ್‌ಗೆ ತುಂಬು ದನಿಯಿತ್ತು, ಆದರೆ ಅವುಗಳಲ್ಲಿ ಸ್ಟ್ರಾಟೊಕಾಸ್ಟರಿನಂಥ ಹಿಡಿ ಇರಲಿಲ್ಲ. ಎಡ್ಡಿಗೆ ಎರಡೂ ಬೇಕಿತ್ತು. ಅಂಥ ಗಿಟಾರ್ ಅಂಗಡಿಯಲ್ಲಿ ಸಿಗದಿದ್ದಾಗ ಎರಡನೇ ದರ್ಜೆಯ ಒಡಲೊಂದನ್ನು ತಂದು, ಮರ ಕೆತ್ತಿ, ತಮ್ಮ ಗಿಬ್ಸನ್ನಿನಿಂದ ಬಿಚ್ಚಿದ ಹಂಬಕರ್ ಅನ್ನು ಅದರಲ್ಲಿ ಕೂರಿಸಿದರು. ತಂತಿಗಳ ಅಂತರಕ್ಕೆ ಹೊಂದಲೆಂದು ಅದನ್ನು ತುಸು ಓರೆಯಾಗಿಟ್ಟು ನೇರ ಮರಕ್ಕೇ ಸ್ಕ್ರೂ ಹಾಕಿದರು.

ಸದ್ದು ಏರಿಸಿದಾಗ ಪಿಕಪ್ ಕಿರುಚುತ್ತಿತ್ತು. ಸುರುಳಿ ಅಲುಗಾಡದಿರಲೆಂದು ಅದನ್ನು ಕಾದ ಮೇಣದಲ್ಲಿ ಅದ್ದಿದರು. ಹದ ಸಿಗುವ ಮುನ್ನ ಪಿಕಪ್‌ಗಳು ಕರಗಿ ಹಾಳಾದದ್ದೂ ಉಂಟು. ಒಳಗಿನ ವೈರಿಂಗ್ ಪೂರ್ತಿ ಅರ್ಥವಾಗದೆ ಒಂದೇ ಒಂದು ವಾಲ್ಯೂಮ್ ತಿರುಪು ಉಳಿಸಿಕೊಂಡರು. ಅದರ ಮೇಲೆ ಬರೆದಿರುವುದು ಮಾತ್ರ ‘ಟೋನ್’. ಆ ನಾಣ್ಯವೂ ಅಲಂಕಾರಕ್ಕೆ ಬಂದದ್ದಲ್ಲ. ಆಮೇಲೆ ಹಾಕಿದ ಟ್ರೆಮೊಲೊ ಹಿಂದಕ್ಕೆ ವಾಲದಂತೆ ಅಡಿಗೆ ಕೊಟ್ಟ ಆನಿಕೆ ಅದು.

ಹೀಗೆ ಅಲ್ಲಿನ ಪ್ರತಿ ತೂತಿಗೂ ಒಂದು ಕಾರಣವಿದೆ. ನಕಲಿನಲ್ಲಿ ತೂತು ಬರುತ್ತದೆ, ಕಾರಣ ಬರುವುದಿಲ್ಲ. ಸವೆತವನ್ನೂ ಕಾರ್ಖಾನೆಯಲ್ಲೇ ಮಾಡಿ ಮಾರುವ ಈ ವ್ಯಾಪಾರ ಕಲಿಯುವವರಿಗೆ ತಪ್ಪು ಪಾಠ ಹೇಳುತ್ತಿದೆ.

ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ 1970ರಲ್ಲಿ ಕೊಂಡ ‘ಬ್ಲ್ಯಾಕ್ ಸ್ಟ್ರಾಟ್’ ಕೂಡ ಎಡ್ಡಿಯ ಗಿಟಾರಿನಂತೆ ಬಿಚ್ಚಿ ಬದಲಿಸಿದ ಜಾತಿಯದು. ಅದರ ನೆಕ್ ಹಲವು ಸಲ ಬದಲಾಯಿತು, ಪಿಕಪ್ ಬದಲಾಯಿತು, ಬೇರೆ ಟ್ರೆಮೊಲೊಗಾಗಿ ಮರ ಕೊರೆದು ಮತ್ತೆ ತುಂಬಿದ್ದೂ ಆಯಿತು. ಇಷ್ಟೆಲ್ಲ ಕೊಯ್ಯಿಸಿಕೊಂಡ ಗಿಟಾರ್ 2019ರ ನ್ಯೂಯಾರ್ಕ್ ಹರಾಜಿನಲ್ಲಿ 39.75 ಲಕ್ಷ ಡಾಲರಿಗೆ ಹೋಯಿತು.

ನಮಗೆ ಹತ್ತಿರದ ಉದಾಹರಣೆ ಜಾನ್ ಮೆಕ್‌ಲಾಫ್ಲಿನ್ ಅವರದು. ವೀಣೆ ಕಲಿತಿದ್ದ ಈ ಬ್ರಿಟಿಷ್ ವಾದಕರಿಗೆ ಗಿಟಾರಿನಲ್ಲಿ ಗಮಕ ಬೇಕಿತ್ತು. ಭಾರತೀಯ ಸಂಗೀತಗಾರರೊಂದಿಗಿನ ‘ಶಕ್ತಿ’ ತಂಡದಲ್ಲಿ ಅವರು ನುಡಿಸಿದ ಗಿಟಾರಿನ ಮೆಟ್ಟುಗಳ ನಡುವಿನ ಮರವನ್ನು ಕೆರೆದು ತಗ್ಗಿಸಲಾಗಿತ್ತು. ಬೆರಳಿಗೆ ಮರ ತಾಗದಿದ್ದರೆ ತಂತಿಯನ್ನು ಹಿಡಿತದಲ್ಲಿಟ್ಟು ಎಳೆಯುವುದು ಸುಲಭ. ಗಮಕಕ್ಕೆ ಬೇಕಾದ ಎಳೆತ ಏನೆಂದು ವೀಣೆ ಬಲ್ಲವರಿಗೆ ವಿವರಿಸಬೇಕಿಲ್ಲ. ಆರು ತಂತಿಗಳ ಕೆಳಗೆ ಓರೆಯಾಗಿ ಇನ್ನೂ ಏಳು ಅನುರಣನದ ತಂತಿಗಳಿದ್ದವು.

ವಾದಕರ ಹೆಸರಿನ ಗಿಟಾರುಗಳೆಲ್ಲ ವ್ಯರ್ಥವೆಂದಲ್ಲ. 1988ರಲ್ಲಿ ಬಂದ ಫೆಂಡರಿನ ಎರಿಕ್ ಕ್ಲಾಪ್ಟನ್ ಮಾದರಿಯಲ್ಲಿ ಮಧ್ಯಮ ಕಂಪನಾಂಕಗಳನ್ನು ಎತ್ತಿಕೊಡುವ ಸರ್ಕ್ಯೂಟ್ ಇತ್ತು. ಒಬ್ಬ ವಾದಕನ ಅಗತ್ಯದಿಂದ ಹುಟ್ಟಿದ ಬದಲಾವಣೆ ಹೀಗೆ ನೂರಾರು ಜನರ ಕೈಗೆ ದಕ್ಕುವುದಾದರೆ ಆ ಹೆಸರಿಗೆ ಬೆಲೆ ಕೊಡಬಹುದು. ಬೇರೆಯವರ ಸಿಗರೇಟಿನ ಕಲೆಗೆ ಕೊಡಬೇಕಾಗಿಲ್ಲ.

ಹೊಸದಾಗಿ ಎಲೆಕ್ಟ್ರಿಕ್ ಗಿಟಾರ್ ಹಿಡಿದವರು ಹೆಸರಾಂತ ಮಾದರಿಗೆ ಹಣ ಕೂಡಿಡುವ ಮೊದಲು ಕೈಯಲ್ಲಿರುವುದನ್ನೇ ಒಮ್ಮೆ ಪರೀಕ್ಷಿಸಲಿ. ಪಿಕಪ್‌ನ ಇಕ್ಕೆಲದ ಸ್ಕ್ರೂ ತಿರುಗಿಸಿ ತಂತಿಗೆ ಹತ್ತಿರ ತನ್ನಿ, ದೂರ ಸರಿಸಿ. ದನಿ ಬದಲಾಗುವುದು ಕೇಳಿಸುತ್ತದೆ. ಇದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. ಮುಂದೆ ಬಿಡಿಭಾಗ ಬದಲಿಸುವಾಗ ಹಳೆಯದನ್ನು ಎಸೆಯದೆ ಎತ್ತಿಡಿ.